ಒಂದು ಪಾತ್ರೆ ಸೊಪ್ಪು, ಒಂದು ಪಾತ್ರೆ ಬರೀ ನೀರು

ನಮ್ಮೂರಿನಲ್ಲಿ ಯಾರ ಮೂಗು ಕಟ್ಟಿದರೂ ಅವರು ಮೊದಲು ಬರುವುದು ನಮ್ಮ ಮನೆಗೆ. ಆಸ್ಪತ್ರೆಗೆ ಹೋಗಬೇಕೆಂದರೆ ಬಸ್ಸು ಬೇಕು, ಬಸ್ಸು ಹೊರಡಬೇಕೆಂದರೆ ಡ್ರೈವರನಿಗೆ ಮನಸ್ಸು ಬರಬೇಕು. ನಮ್ಮ ಮನೆಗಾದರೆ ಅಂಗಳ ದಾಟಿದರಾಯಿತು. ನಮ್ಮಮ್ಮ ಪಿಸಾಯಿನಾ, ಮೂಗಿನ ಮದ್ದಿನವಳು. ಸವಾಯಿ ದ್ವೀಪದ ಈ ಮಗ್ಗುಲಲ್ಲಿ ಮೂಳೆ ಕೂರಿಸುವವರಿದ್ದಾರೆ, ಮಕ್ಕಳ ಹೊಟ್ಟೆ ನೀವುವವರಿದ್ದಾರೆ, ದೆವ್ವ ಬಿಡಿಸುವವರಂತೂ ಬೇಕಾದಷ್ಟು ಜನ ಇದ್ದಾರೆ. ಮೂಗಿಗೆ ಮಾತ್ರ ಅಮ್ಮ ಒಬ್ಬಳೇ.

ಮದ್ದು ಅಂದರೆ ಅಂಥ ದೊಡ್ಡದೇನಲ್ಲ. ನಮುಲೆಂಗ ಅಂತ ಕಡಲಂಚಿನಲ್ಲಿ ಬೆಳೆಯುವ ಪೊದೆ, ಲಕ್ಕಿ ಗಿಡದ ದಾಯಾದಿ ಅನ್ನಬಹುದು. ಅದರ ಸೊಪ್ಪು ಕುದಿಸಿ, ತಲೆ ಮೇಲೆ ದುಪ್ಪಟಿ ಹೊದ್ದು, ಹಬೆಗೆ ಮುಖ ಒಡ್ಡಿ ಕೂರುವುದು. ಇಷ್ಟನ್ನು ಯಾರು ಬೇಕಾದರೂ ಮಾಡಬಹುದು, ಮಾಡಿ ಕೆಟ್ಟವರೂ ಇದ್ದಾರೆ. ಕಷ್ಟ ಇರುವುದು ಸೊಪ್ಪು ಆರಿಸುವುದರಲ್ಲಿ. ಒಂದೇ ಪೊದೆಯ ಈ ಕೊಂಬೆಯಲ್ಲಿ ಘಾಟು ಇರುತ್ತದೆ, ಆ ಕೊಂಬೆಯಲ್ಲಿ ಇರುವುದಿಲ್ಲ. ಮಳೆ ಬಂದ ಮಾರನೆಯ ದಿನ ಯಾವುದರಲ್ಲೂ ಇರುವುದಿಲ್ಲ. ಕಣ್ಣಿಗೆ ಎಲ್ಲ ಎಲೆಯೂ ಒಂದೇ, ಮೂಗಿಗೇ ಗೊತ್ತಾಗಬೇಕು.

ಈ ಮದ್ದಿಗೆ ನಮ್ಮ ಮನೆತನದಲ್ಲಿ ಒಂದು ಕಟ್ಟುಪಾಡಿದೆ. ತಾಯಿ ಅದನ್ನು ಒಬ್ಬಳೇ ಮಗಳಿಗೆ ಕೊಡಬೇಕು. ಕೊಟ್ಟ ಮೇಲೆ ತಾನು ಮತ್ತೆ ಮಾಡಬಾರದು. ನಮ್ಮಜ್ಜಿ ಅಮ್ಮನಿಗೆ ಕೊಟ್ಟ ಮೇಲೆ, ತನ್ನ ಮೂಗು ಕಟ್ಟಿದಾಗ ಹೊರಗಿನವರ ಹಾಗೆ ಕಾಣಿಕೆಗೆ ಒಂದು ಮೀನಿನ ಡಬ್ಬಿ ಹಿಡಿದುಕೊಂಡು ಬಂದು ಮಗಳ ಮುಂದೆ ಕೂರುತ್ತಿದ್ದಳು. ಇನ್ನೊಂದು ಕಟ್ಟುಪಾಡು ಏನೆಂದರೆ, ಮದ್ದು ಕೊಡು ಅಂತ ಬಾಯಿಬಿಟ್ಟು ಕೇಳಿದವಳಿಗೆ ಕೊಡಬಾರದು. ಹಾಗಾಗಿ ನಾನು ಕೇಳಿರಲಿಲ್ಲ. ನಾನು ಫುವಾಟಿನೊ, ಅಮ್ಮನ ಹಿರಿಯ ಮಗಳು, ಊರಿನ ಮಹಿಳಾ ಸಮಿತಿಯ ಅಧ್ಯಕ್ಷೆ, ಹಲ್ಲು ಉದುರುವ ವಯಸ್ಸಿಗೆ ಬಂದವಳು. ಅಮ್ಮನ ಜೊತೆ ಬುಟ್ಟಿ ಹೊತ್ತಿದ್ದೇನೆ, ಸೌದೆ ಒಟ್ಟಿದ್ದೇನೆ, ಊರವರ ಸಿಂಬಳದ ದುಪ್ಪಟಿಗಳನ್ನು ಒಗೆದಿದ್ದೇನೆ. ಕೇಳದೆ ಕಾಯುವುದನ್ನು ನನ್ನಷ್ಟು ಚೆನ್ನಾಗಿ ಯಾರೂ ಮಾಡಿಲ್ಲ.

ಕಾಯುವವಳಿಗೆ ಅಮ್ಮ ಒಂದು ಕಾಟವನ್ನೂ ಇಟ್ಟಿದ್ದಳು. ಹಿಂದೊಮ್ಮೆ ಅವಳು ದೊಡ್ಡ ಜ್ವರದಲ್ಲಿ ಮಲಗಿ ಎದ್ದ ವರ್ಷ ಶುರುವಾದದ್ದು ಅದು. ಕಡಲಂಚಿಗೆ ಹೋದಾಗ ಒಂದೊಂದು ಎಲೆ ಕಿತ್ತು, ಬೆರಳಲ್ಲಿ ಹಿಸುಕಿ, ನನ್ನ ಮೂಗಿಗೆ ಹಿಡಿದು "ಹೇಗಿದೆ?" ಅನ್ನುವಳು. ನಾನು "ಇದೆ" ಅಂದರೆ ಬುಟ್ಟಿಗೆ, "ಇಲ್ಲ" ಅಂದರೆ ಮರಳಿಗೆ. ಸರಿಯಾಗಿ ಹೇಳಿದೆ ಅಂತಲೂ ಇಲ್ಲ, ತಪ್ಪು ಅಂತಲೂ ಇಲ್ಲ. ಈ ವಯಸ್ಸಿನಲ್ಲಿ ನನ್ನನ್ನು ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ ನಿಲ್ಲಿಸಿ ಪರೀಕ್ಷೆ ಮಾಡುತ್ತಾಳೆ, ಫಲಿತಾಂಶ ಮಾತ್ರ ಹೇಳುವುದಿಲ್ಲ ಅಂತ ನನಗೆ ಮೈಯೆಲ್ಲ ಉರಿ. ಅದೇ ಜ್ವರದ ಮೇಲೆ ನಾನು ಮಾಡಿದ ಅಡುಗೆಗೂ ರುಚಿ ಇಲ್ಲ ಅನ್ನತೊಡಗಿದಳು. ತಾನೇ ಕೋಕೋ ಬೀಜ ಹುರಿಯಲು ಕೂತರೆ ಬಾಣಲಿಯಿಂದ ಹೊಗೆ ಎದ್ದು ಬೀಜ ಕರಕಲಾದರೂ ಆ ಕಡೆ ಮುಖ ಮಾಡಿ ಹಾಡು ಗುನುಗುತ್ತಿದ್ದಳು. ನಾನು ಓಡಿ ಬಂದು ಇಳಿಸಲಿ ಅಂತ ಬೇಕೆಂದೇ ಹಾಗೆ ಮಾಡುತ್ತಾಳೆ ಅಂದುಕೊಂಡಿದ್ದೆ.

ಹೀಗಿರುವಾಗ ನನ್ನ ತಂಗಿ ಇಯಾನೆಟಾ ಹಡಗು ಹತ್ತಿ ಬಂದಳು. ಅವಳು ರಾಜಧಾನಿ ಆಪಿಯಾದಲ್ಲಿ ನರ್ಸು. ಸ್ವಾತಂತ್ರ್ಯದ ಹಬ್ಬಕ್ಕೆಂದು ಪೇಟೆಗೆ ಹೋದ ಊರವರು ಕುಣಿದು, ಹಾಡಿ, ಬಸ್ಸು ತುಂಬ ನೆಗಡಿ ತುಂಬಿಕೊಂಡು ಬಂದಿದ್ದ ಕಾಲ ಅದು. ಭಾನುವಾರ ಚರ್ಚು ಮುಗಿಸಿ ಊಟಕ್ಕೆ ಕೂತಿದ್ದೆವು. ನಾನು ಬಿಸಿ ಟಾರೊ ಗೆಡ್ಡೆಯ ಸಿಪ್ಪೆ ತೆಗೆಯುತ್ತಿದ್ದೆ. ಅಮ್ಮ ತಟ್ಟೆಯಿಂದ ತಲೆ ಎತ್ತದೆ, ಉಪ್ಪು ಕೊಡು ಅಂದ ಹಾಗೆ, ಮದ್ದನ್ನು ಇಯಾನೆಟಾಗೆ ಕೊಡುತ್ತೇನೆ ಅಂದಳು.

ಕೈ ಸುಟ್ಟಿತು. ಟಾರೊದಿಂದ ಅಂತ ಎಲ್ಲರೂ ತಿಳಿದುಕೊಂಡರು.

ಇಯಾನೆಟಾ ಆದರೂ ಹಿಗ್ಗಿ ಕೈ ಚಾಚಿದ್ದರೆ ನಾನು ಅವಳ ಮೇಲಾದರೂ ಸಿಟ್ಟು ಮಾಡಬಹುದಿತ್ತು. ಅವಳು ಹಾಗೆ ಮಾಡಲಿಲ್ಲ.

"ಬೇಜಾರು ಮಾಡ್ಕೋಬೇಡಮ್ಮ," ಅಂದಳು. "ಕೆಲಸ ಮಾಡುತ್ತೋ ಇಲ್ವೋ ಗೊತ್ತಿಲ್ಲದ ಮದ್ದು ಇಟ್ಕೊಂಡು ನಾನೇನ್ ಮಾಡ್ಲಿ? ಮೊದಲು ನೋಡೋಣ. ಸೊಪ್ಪಿಂದಾನೇ ಮೂಗು ಬಿಡುತ್ತೆ ಅಂತ ಖಾತ್ರಿ ಆದ್ರೆ ತಗೋತೀನಿ."

"ನೋಡ್ಕೋ," ಅಂದಳು ಅಮ್ಮ. ಇನ್ನೊಂದು ತುಂಡು ಟಾರೊ ಹಾಕಿಸಿಕೊಂಡು, ರುಚಿಯಿಲ್ಲ ಅಂದಳು.

ನನ್ನ ಗತಿ ನೋಡಿ. ಸೊಪ್ಪು ಗೆದ್ದರೆ ಮದ್ದು ತಂಗಿಯ ಪಾಲು. ಸೊಪ್ಪು ಸೋತರೆ ತಂಗಿ ಬೇಡ ಅನ್ನುತ್ತಾಳೆ, ಆಗ ನನ್ನ ಪಾಲಿಗೆ ಬರುತ್ತದೆ, ಆದರೆ ಬರುವುದು ಬರೀ ಬಿಸಿನೀರು. ಹೆತ್ತ ತಾಯಿಯ ಮದ್ದು ಸುಳ್ಳಾಗಲಿ ಅಂತ ಬಯಸಬೇಕಾದ ಕರ್ಮ ಬೇರೆ ಯಾರಿಗೆ ಬಂದಿದೆಯೋ ನಾನರಿಯೆ. ಸಂಜೆ ಪ್ರಾರ್ಥನೆಯಲ್ಲಿ ಏನು ಬೇಡಿಕೊಳ್ಳಬೇಕು ಅಂತ ಹೊಳೆಯದೆ ಸುಮ್ಮನೆ ಕಣ್ಣು ಮುಚ್ಚಿ ಕೂತಿದ್ದೆ.

ಇಯಾನೆಟಾ ಮೋಸದವಳಲ್ಲ, ಅದನ್ನು ಹೇಳಲೇಬೇಕು. ಯಾವುದಕ್ಕೆ ಎಷ್ಟು ಆಧಾರ ಇದೆ ಅಂತ ನಮ್ಮ ಸಮಿತಿಯ ಹೆಂಗಸರಿಗೆಲ್ಲ ಕೂರಿಸಿ ಹೇಳಿದಳು. ಉಪ್ಪುನೀರಿನಲ್ಲಿ ಮೂಗು ತೊಳೆದುಕೊಂಡರೆ ಒಂದಿಷ್ಟು ಗುಣ ಇದೆ, ಅದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಹಬೆಯಿಂದ ಆ ಗಳಿಗೆಗೆ ಹಿತವಾಗುತ್ತದೆ, ಅದಕ್ಕಿಂತ ಹೆಚ್ಚಿಗೆ ಏನಾದರೂ ಆಗುತ್ತದೆ ಅಂತ ಹೇಳಲು ಬರುವುದಿಲ್ಲ. ನಮುಲೆಂಗದ ಸೊಪ್ಪಿನ ರಸವನ್ನು ಯಾರ್ಯಾರೋ ಗಾಜಿನ ನಳಿಗೆಯಲ್ಲಿ ಹಾಕಿ ನೋಡಿದ್ದಾರಂತೆ, ಮನುಷ್ಯರ ಮೂಗಿನಲ್ಲಿ ಸರಿಯಾಗಿ ನೋಡಿದವರನ್ನು ಅವಳು ಕಂಡಿಲ್ಲ. ಡಾಕ್ಟರುಗಳಿಗೂ ಗೊತ್ತಿಲ್ಲ ಅಂತ ಅವಳೇ ಒಪ್ಪಿಕೊಂಡಳು. ಹೆಂಗಸರು ಇದನ್ನು ಕೇಳಿ ಬಹಳ ಸಮಾಧಾನಪಟ್ಟರು.

ಅವಳ ಏರ್ಪಾಡು ಹೀಗಿತ್ತು. ಮೂಗು ಕಟ್ಟಿದ ಮನೆಗಳ ಹೆಸರು ಚೀಟಿ ಎತ್ತಿ ಎರಡು ಪಾಲು ಮಾಡುವುದು. ಒಂದು ಪಾಲಿನವರಿಗೆ ಅಮ್ಮನ ಸೊಪ್ಪಿನ ಹಬೆ, ಇನ್ನೊಂದು ಪಾಲಿನವರಿಗೆ ಬರೀ ನೀರಿನ ಹಬೆ. ಯಾರು ಬೇಗ ಗುಣವಾಗುತ್ತಾರೆ ನೋಡುವುದು. ನಾನು ಅವಳಿಗೆ ಒಂದು ಮಾತು ಹೇಳಿದೆ, ನಮ್ಮ ಮನೆಗಳಿಗೆ ಗೋಡೆ ಇಲ್ಲ ಕಣೆ, ಬರೀ ಕಂಬ, ಇವರು ಸೊಪ್ಪು ಹಾಕುವುದು ಅವರಿಗೆ ಕಾಣುತ್ತದೆ, ಕಂಡರೆ ತಮಗೂ ಬೇಕು ಅನ್ನುತ್ತಾರೆ ಅಂತ. ಅವಳು ಅದಕ್ಕೂ ಉಪಾಯ ಮಾಡಿದ್ದಳು. ಸಂಜೆ ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ಎರಡನೆಯ ಗಂಟೆ ಆಗುವ ತನಕ ನಮ್ಮೂರಲ್ಲಿ ಯಾರೂ ಮನೆ ಬಿಟ್ಟು ಕದಲುವ ಹಾಗಿಲ್ಲ. ರಸ್ತೆಯಲ್ಲಿ ಗಂಡಸರು ಕಾವಲು ನಿಲ್ಲುತ್ತಾರೆ, ನಡೆದಾಡಿ ಸಿಕ್ಕಿಬಿದ್ದವರಿಗೆ ದಂಡ ಬೀಳುತ್ತದೆ. ಹಬೆ ತೆಗೆದುಕೊಳ್ಳುವುದನ್ನು ಆ ಹೊತ್ತಿಗೇ ಇಟ್ಟರೆ ಈ ಮನೆಯ ಸೊಪ್ಪು ಆ ಮನೆಗೆ ಹೋಗುವ ಮಾತೇ ಇಲ್ಲ ಅಂದಳು. ಬುದ್ಧಿವಂತೆ. ನನಗೂ ಮೆಚ್ಚಿಗೆಯಾಯಿತು.

ಅಮ್ಮ ಎಂದಿನಂತೆ ನನ್ನ ಮೂಗಿಗೆ ಹಿಡಿದು ಹಿಡಿದು ಸೊಪ್ಪು ಆರಿಸಿದಳು. ನಾನು ಎಂದಿನಂತೆ ಹಲ್ಲು ಕಚ್ಚಿಕೊಂಡು ಇದೆ, ಇಲ್ಲ ಅಂದೆ. ಬೇಕೆಂದೇ ಕೆಟ್ಟ ಎಲೆಗೆ ಇದೆ ಅಂದುಬಿಟ್ಟರೆ ಹೇಗೆ ಅಂತ ಒಂದು ಯೋಚನೆ ಬಂದು ಹೋಯಿತು. ಹೋಯಿತು ಅನ್ನುವುದೇ ಮುಖ್ಯ. ಪ್ರತಿ ಸಂಜೆ ಗಂಟೆ ಹೊಡೆಯಿತು, ಪ್ರಾರ್ಥನೆ ಮುಗಿಯಿತು, ಊರೆಲ್ಲ ದುಪ್ಪಟಿ ಹೊದ್ದು ಕೂತಿತು. ಹೊರಗಿನವರು ಯಾರಾದರೂ ಆಗ ರಸ್ತೆಯಲ್ಲಿ ಹಾದುಹೋಗಿದ್ದರೆ ಇದು ಯಾವ ಹೊಸ ಪಂಗಡವಪ್ಪ ಅಂದುಕೊಳ್ಳುತ್ತಿದ್ದರು.

ವಾರ ಕಳೆದ ಮೇಲೆ ಇಯಾನೆಟಾ ಎಲ್ಲರ ಮೂಗನ್ನೂ ವಿಚಾರಿಸಿ ಬಂದು ಜಗಲಿಯಲ್ಲಿ ಕೂತಳು. ಎರಡೂ ಪಾಲಿನವರು ಸರಿಸಮ. ಸೊಪ್ಪಿನವರು ಬರೀ ನೀರಿನವರಿಗಿಂತ ಒಂದು ಕೂದಲೆಳೆಯಷ್ಟೂ ಮುಂದಿಲ್ಲ.

ಅಮ್ಮ ಚಾಪೆ ಹೆಣೆಯುತ್ತಿದ್ದಳು. "ಹಾಗಾದ್ರೆ ಬಿಸಿನೀರೇ ಅನ್ನು," ಅಂದಳು. ಹೆಣಿಗೆ ಮುಂದುವರಿಸಿದಳು, ಆದರೆ ಎಳೆ ತಪ್ಪಿತು. ನಮ್ಮಮ್ಮನ ಕೈಯಲ್ಲಿ ಎಳೆ ತಪ್ಪಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಾನು ಗೆದ್ದಿದ್ದೆ. ಮದ್ದು ಇನ್ನು ನನ್ನದೇ. ಆದರೆ ಗೆದ್ದದ್ದಕ್ಕೇ ಸಿಟ್ಟು ಬಂತು. ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದೋ ತಿಳಿಯದೆ ನೆಟ್ಟಗೆ ಪಾಲೆಪಾಳ ಮನೆಗೆ ನಡೆದೆ. ಪಾಲೆಪಾಗೆ ಬಂದದ್ದು ಬರೀ ನೀರಿನ ಚೀಟಿ, ಎಲ್ಲರಿಗಿಂತ ಮೊದಲು ಮೂಗು ಬಿಟ್ಟದ್ದೂ ಅವಳದೇ. ಬರೀ ನೀರಿನಲ್ಲಿ ಅದು ಹೇಗೆ ಗುಣವಾಯಿತೇ ತಾಯಿ ಅಂತ ಕೇಳಿದೆ. ಪಾಲೆಪಾಗೆ ಅವಮಾನವಾಯಿತು.

"ಬರೀ ನೀರಾ? ನಾವೇನು ಅಷ್ಟು ಗತಿಗೆಟ್ಟೋರಾ ಫುವಾಟಿನೊ? ಲೋಸಾ ಮೊದಲನೇ ದಿನವೇ ಕಳಿಸಿದ್ಲಲ್ಲ, ಅವಳ ಸೊಪ್ಪಲ್ಲಿ ಅರ್ಧ."

ಲೋಸಾ ಅವಳ ಪಕ್ಕದ ಮನೆಯವಳು, ಸೊಪ್ಪಿನ ಪಾಲಿನವಳು. ಒಂದು ಹಂದಿಯ ವಿಷಯಕ್ಕೆ ಇಬ್ಬರಿಗೂ ಹೋದ ಕ್ರಿಸ್‌ಮಸ್ಸಿನಿಂದ ಮಾತಿಲ್ಲ. ಲೋಸಾಳನ್ನು ಕೇಳಿದರೆ ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು.

"ಜಗಳ ಬೇರೆ, ಮೂಗು ಬೇರೆ. ಅವಳು ಎದುರಿಗೇ ಬೋಳು ನೀರಿಗೆ ಮುಖ ಒಡ್ಡಿಕೊಂಡು ಕೂತಿದ್ರೆ ನಾನು ಸೊಪ್ಪು ಹಾಕ್ಕೊಂಡು ಹೇಗೆ ಕೂರ್ಲಿ? ನಾಚಿಕೆ ಆಗಲ್ವಾ?"

ಮಿಕ್ಕ ಮನೆಗಳನ್ನೂ ವಿಚಾರಿಸಿದೆ. ಎಲ್ಲ ಕಡೆ ಇದೇ ಕಥೆ. ಗಂಟೆ ಹೊಡೆದ ಮೇಲೆ ಯಾರೂ ಕದಲಿರಲಿಲ್ಲ, ಅದರಲ್ಲಿ ಊರವರ ತಪ್ಪಿಲ್ಲ. ಸೊಪ್ಪು ಮಧ್ಯಾಹ್ನವೇ ಪಕ್ಕದ ಮನೆಗೆ ಕಳಿಸುವ ಪಲ್ಯದ ತಟ್ಟೆಯ ಮೇಲೆ, ಮೀನಿನ ಪಕ್ಕದಲ್ಲಿ ಇಟ್ಟು ಹೋಗಿಯಾಗಿತ್ತು. ಇದನ್ನು ಇಯಾನೆಟಾಗೆ ಹೇಳಬೇಕು ಅಂತ ಒಬ್ಬರಿಗೂ ಅನ್ನಿಸಿರಲಿಲ್ಲ. ಪಕ್ಕದ ಮನೆಗೆ ತಟ್ಟೆ ಕಳಿಸಿದೆ ಅಂತ ಯಾರಾದರೂ ನರ್ಸಿಗೆ ಹೇಳಿಕೊಂಡು ಬರುತ್ತಾರೆಯೇ?

ನಾನು ನಿಧಾನವಾಗಿ ಮನೆಗೆ ನಡೆದೆ. ಬಾಯಿ ಮುಚ್ಚಿಕೊಂಡಿದ್ದರೆ ಮದ್ದು ನನಗೆ. ಬಾಯಿ ಬಿಟ್ಟರೆ ಪರೀಕ್ಷೆ ಮತ್ತೆ ನಡೆಯುತ್ತದೆ, ಸೊಪ್ಪು ಗೆದ್ದರೂ ಗೆಲ್ಲಬಹುದು, ಆಗ ನನ್ನ ಕೈಗೆ ಚಿಪ್ಪು. ಮನೆ ತಲುಪುವುದರೊಳಗೆ ಇದನ್ನು ಹತ್ತಾರು ಸಲ ತಿರುಗಿಸಿ ನೋಡಿದೆ. ಅಮ್ಮ ಇನ್ನೂ ಅದೇ ತಪ್ಪಿದ ಎಳೆಯನ್ನು ಬಿಚ್ಚುತ್ತಿದ್ದಳು. ನೋಡಿ ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಅಮ್ಮನ ಮದ್ದು ಸೋತರೆ ಸೋಲಲಿ, ಆಟಕ್ಕೇ ಇಳಿಯದೆ ಯಾಕೆ ಸೋಲಬೇಕು?

ಇಯಾನೆಟಾ ತಲೆಯ ಮೇಲೆ ಕೈ ಹೊತ್ತು ಕೂತಳು. ಆಮೇಲೆ ನಕ್ಕಳು. ಆಮೇಲೆ, ಊರು ಬೇಡ, ನಮ್ಮ ಮನೆಯಲ್ಲೇ ನನ್ನ ಕಣ್ಣೆದುರಿಗೇ ಆಗಲಿ, ಮೂಗು ಕಟ್ಟಿದ ಇಬ್ಬರನ್ನು ಕೂರಿಸಿ ನಡೆಸುವ ರೀತಿಯನ್ನಾದರೂ ಸರಿ ಮಾಡಿಕೊಳ್ಳೋಣ ಅಂದಳು. ಈ ಸಲ ಕೂರುವವರಿಗೆ ಯಾವುದರಲ್ಲಿ ಏನಿದೆ ಅಂತ ಗೊತ್ತಾಗಬಾರದು. ನಾನು ಒಂದೇ ಥರದ ಎರಡು ಪಾತ್ರೆ ಒಲೆಗಿಟ್ಟೆ. ಒಂದರಲ್ಲಿ ಸೊಪ್ಪು ಕುದಿಸಿ ಎಲೆ ಸೋಸಿ ತೆಗೆದೆ, ಇನ್ನೊಂದರಲ್ಲಿ ಬರೀ ನೀರು. ಎರಡೂ ಮಸಿ ಹಿಡಿದ ಪಾತ್ರೆ, ಒಳಗೆ ಏನಿದ್ದರೂ ಕಪ್ಪಾಗಿಯೇ ಕಾಣುತ್ತದೆ. ಬಾಳೆ ಎಲೆ ಮುಚ್ಚಿ ತಂದು ಚಾಪೆಯ ಮೇಲೆ ಇಟ್ಟೆ. ಕೂರುವವರನ್ನು ಕರೆಯುವ ಮೊದಲು ಇಯಾನೆಟಾ ಅಮ್ಮನಿಗೆ ಒಂದು ಕೆಲಸ ಹೇಳಿದಳು. ಮದ್ದು ಅಮ್ಮನದು, ಹಾಗಾಗಿ ಅದು ಸರಿಯಾಗಿ ಇಳಿದಿದೆ ಅಂತ ಅಮ್ಮನೇ ನೋಡಿ ಹೇಳಬೇಕು, ಯಾವ ಪಾತ್ರೆ ಅಂತ ತೋರಿಸಬೇಕು.

ನಾನು ಬಾಳೆ ಎಲೆ ಸರಿಸಿದೆ. ಘಾಟು ಮನೆ ತುಂಬಿತು. ಕಂಬದ ಬುಡದಲ್ಲಿ ಮಲಗಿದ್ದ ನಾಯಿ ಎರಡು ಸಲ ಸೀನಿ ಎದ್ದು ಹೊರಗೆ ಹೋಯಿತು.

ಅಮ್ಮ ಮೊದಲನೆಯ ಪಾತ್ರೆಗೆ ಬಗ್ಗಿದಳು. ಕಣ್ಣು ಮುಚ್ಚಿ ಎದೆ ತುಂಬ ಉಸಿರು ಎಳೆದಳು. ಆಮೇಲೆ ಎರಡನೆಯದಕ್ಕೆ ಬಗ್ಗಿ ಹಾಗೇ ಎಳೆದಳು. ತಿರುಗಿ ಮೊದಲನೆಯದರ ಮೇಲೆ ಕೈ ಇಟ್ಟಳು.

"ಇದು," ಅಂದಳು. "ಚೆನ್ನಾಗಿ ಇಳಿದಿದೆ. ಇದೇ ನನ್ನ ಮದ್ದು."

ಅದು ಬರೀ ನೀರು.

ಇಯಾನೆಟಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅಮ್ಮ ನಮ್ಮಿಬ್ಬರನ್ನೂ ನೋಡಿದಳು. ಪಾತ್ರೆಯ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ನೀರಾ?" ಅಂದಳು.

"ಹೂಂ," ಅಂದೆ.

ಇಯಾನೆಟಾ ಹತ್ತಿರ ಹೋಗಿ ಕೂತು, ಮೆತ್ತಗೆ ಕೇಳಿದಳು, ಯಾವಾಗಿನಿಂದ ಹೀಗೆ ಅಂತ. ಆ ಜ್ವರದಿಂದ, ಅಂದಳು ಅಮ್ಮ. ಎದ್ದಾಗ ವಾಸನೆ ಇರಲಿಲ್ಲ. ಮೊದಮೊದಲು ನಾಳೆ ಬರುತ್ತದೆ ಅಂದುಕೊಂಡಳಂತೆ. ಆಮೇಲೆ ಹಾಗೆ ಅಂದುಕೊಳ್ಳುವುದನ್ನು ಬಿಟ್ಟಳಂತೆ. ಹೂವಿಲ್ಲ, ಮೀನಿಲ್ಲ, ಮಕ್ಕಳ ತಲೆಯ ಎಣ್ಣೆ ವಾಸನೆಯಿಲ್ಲ. ಮೂಗಿನ ಮದ್ದಿನವಳ ಮೂಗು ಸತ್ತಿದೆ ಅಂತ ಊರಿಗೆ ಯಾವ ಬಾಯಲ್ಲಿ ಹೇಳುವುದು? ಕರಕಲಾದ ಕೋಕೋ ಬೀಜ ನನ್ನ ಕಣ್ಣ ಮುಂದೆ ಬಂತು. ಓಡಿ ಬಂದು ಬಾಣಲಿ ಇಳಿಸಿ ನಾನು ಬೈದ ಬೈಗುಳವೂ ಬಂತು.

"ಹಾಗಾದ್ರೆ ಇಷ್ಟು ವರ್ಷ ಊರಿಗೆಲ್ಲ ಸೊಪ್ಪು ಆರಿಸಿದ್ದು ಯಾರು?" ಅಂತ ಕೇಳಿದೆ. ಕೇಳುವಾಗಲೇ ನನಗೆ ಗೊತ್ತಾಗಿತ್ತು.

"ಯಾರ ಮೂಗಿಗೆ ಹಿಡೀತಿದ್ದೆ?" ಅಂದಳು ಅಮ್ಮ.

"ಮತ್ತೆ ಅವಳಿಗೆ ಕೊಡ್ತೀನಿ ಅಂದೆ."

"ಅವಳಿಗೆ ಯಾವ ಎಲೆ ಕೊಟ್ರೂ ಗೊತ್ತಾಗ್ತಿರಲಿಲ್ಲ ಕಣೆ. ನಿನಗೆ ಕೊಡೋಕೆ ಕೂತಿದ್ರೆ ಒಂದೇ ಎಲೆಗೆ ಸಿಕ್ಕಿಬೀಳ್ತಿದ್ದೆ." ಅಮ್ಮ ಹೆಗಲ ಮೇಲೆ ದುಪ್ಪಟಿ ಎಳೆದುಕೊಂಡಳು. "ಅಲ್ಲದೆ ನಿನಗೆ ಕೊಡೋಕೆ ನನ್ನ ಹತ್ರ ಏನಿತ್ತು? ಅದು ನಿನ್ನ ಹತ್ರ ಬಂದು ಎಷ್ಟೋ ಕಾಲ ಆಯ್ತು."

ನಾನು ಅತ್ತೆ. ನಾನು ಸುಲಭಕ್ಕೆ ಅಳುವವಳಲ್ಲ, ಸಮಿತಿಯಲ್ಲಿ ಯಾರನ್ನಾದರೂ ಕೇಳಿ. ಅವತ್ತು ಮೂಗು ಕಟ್ಟುವಷ್ಟು ಅತ್ತೆ. ಇಯಾನೆಟಾ ಸೊಪ್ಪಿನ ಪಾತ್ರೆಯನ್ನು ನನ್ನ ಮುಂದೆ ತಳ್ಳಿ ತಲೆ ಮೇಲೆ ದುಪ್ಪಟಿ ಹಾಕಿದಳು. ಮೂಗು ಬಿಟ್ಟಿತು. ಸೊಪ್ಪಿನಿಂದಲೋ, ಹಬೆಯಿಂದಲೋ, ಅಳು ಮುಗಿದದ್ದರಿಂದಲೋ ಹೇಳಲು ಬರುವುದಿಲ್ಲ ಅಂದಳು ಆಮೇಲೆ.

ಅವಳು ಆಪಿಯಾದ ಆಸ್ಪತ್ರೆಗೆ ವರದಿ ಕಳಿಸಿದಳು. ಸೊಪ್ಪು ಕೆಲಸ ಮಾಡುತ್ತದೆ ಅಂತಲೂ ಬರೆಯಲಿಲ್ಲ, ಮಾಡುವುದಿಲ್ಲ ಅಂತಲೂ ಬರೆಯಲಿಲ್ಲ. ಸೊಪ್ಪು ಸಿಗದ ಪಾಲಿನವರಿಗೆ ಸೊಪ್ಪು ಸಿಕ್ಕಿತು, ಆದ್ದರಿಂದ ಏನೂ ತಿಳಿಯಲಿಲ್ಲ ಅಂತ ನಿಜವನ್ನೇ ಬರೆದಳು. ಮುಂದಿನ ಸಲ ಎರಡು ಪಾಲಿನವರನ್ನೂ ಬೇರೆ ಬೇರೆ ದ್ವೀಪದಲ್ಲಿ ಇಡಿ ಅಂತ ಮೇಲಿನವರು ಹೇಳಿದರಂತೆ. ಸೊಪ್ಪು ಕಳಿಸಲು ಹಡಗು ಇದೆಯಲ್ಲ ಅಂತ ಇವಳು ಹೇಳಿದಳಂತೆ. ಅಲ್ಲಿಗೆ ನಿಂತಿದೆ.

ಅಮ್ಮನನ್ನು ಒಂದು ಸಲ ಆಪಿಯಾದ ಡಾಕ್ಟರಿಗೆ ತೋರಿಸಿದೆವು. ದೀಪ ಬಿಟ್ಟು ನೋಡಿದರು. ಇಷ್ಟು ವರ್ಷದ ಮೇಲೆ ವಾಸನೆ ಬಂದರೆ ಬರಬಹುದು, ಬಾರದೆಯೂ ಇರಬಹುದು ಅಂದರು, ಮೂಗಿಗೆ ಹೊಡೆದುಕೊಳ್ಳುವ ಔಷಧಿಯ ಒಂದು ಸೀಸೆ ಕೊಟ್ಟರು. ಅಮ್ಮ ಅದನ್ನು ಚರ್ಚಿಗೆ ಹೋಗುವ ದಿನ ಮಾತ್ರ ಹೊಡೆದುಕೊಳ್ಳುತ್ತಾಳೆ. ವಾಸನೆ ಬಂದಿಲ್ಲ. ಅಡುಗೆಗೆ ರುಚಿಯಿಲ್ಲ ಅನ್ನುವುದನ್ನೂ ಬಿಟ್ಟಿಲ್ಲ, ಆದರೆ ಈಗ ಅದು ನನ್ನನ್ನು ಸುಡುವುದಿಲ್ಲ.

ಹೋದ ತಿಂಗಳು ಅವಳಿಗೆ ನೆಗಡಿಯಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ತಲೆ ಬಾಚಿಕೊಂಡು, ಮಡಿ ಬಟ್ಟೆ ಉಟ್ಟು, ಒಂದು ಮೀನಿನ ಡಬ್ಬಿ ಹಿಡಿದುಕೊಂಡು ಹೊರಗಿನವರು ಕೂರುವ ಚಾಪೆಯ ಮೇಲೆ ಕೂತಿದ್ದಳು. ಡಬ್ಬಿ ನಮ್ಮದೇ ಕಪಾಟಿನದು. ಮೂಗು ಕಟ್ಟಿದೆ ತಾಯಿ, ಅಂದಳು. ನಾನು ಡಬ್ಬಿ ತೆಗೆದುಕೊಂಡು ಪಕ್ಕಕ್ಕೆ ಇಟ್ಟೆ. ನಗಲಿಲ್ಲ, ಅವಳೂ ನಗಲಿಲ್ಲ. ಬುಟ್ಟಿ ತೆಗೆದುಕೊಂಡು ಇಬ್ಬರೂ ಕಡಲಂಚಿಗೆ ಹೋದೆವು.

ಎಲೆ ಕಿತ್ತು ಹಿಸುಕಿ ನನ್ನ ಮೂಗಿಗೆ ಹಿಡಿದುಕೊಂಡೆ. ಅಮ್ಮ ಪಕ್ಕದಲ್ಲಿ ನಿಂತು "ಹೇಗಿದೆ?" ಅಂದಳು. ಇಷ್ಟು ವರ್ಷ ಈ ಪ್ರಶ್ನೆಗೆ ನಾನು ಕೊಟ್ಟದ್ದು ಒಂದೇ ಪದದ ಉತ್ತರ, ಅದೂ ಮುಖ ಗಂಟಿಕ್ಕಿಕೊಂಡು.

"ಮೊದಲು ಖಾರ ಹೊಡೆಯುತ್ತೆ," ಅಂದೆ. "ಶುಂಠಿ ಜಜ್ಜಿದ ಹಾಗೆ. ಆಮೇಲೆ ತಣ್ಣಗೆ ಆಗುತ್ತೆ, ಮೂಗಿನ ಮೇಲಿನ ತನಕ ಹೋಗುತ್ತೆ. ಒಳಗೆ ಎಲ್ಲೋ ಸ್ವಲ್ಪ ಕಿತ್ತಳೆ ಸಿಪ್ಪೆ ಇದೆ. ಬಿಸಿಲಲ್ಲಿ ಒಣಗಿದ ಚಾಪೆ ಥರ ಕೂಡ."

ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು.

"ಕೊನೇಲಿ ಕಹಿ ಬರಬೇಕಲ್ಲ," ಅಂದಳು. "ಗಂಟಲ ಹತ್ರ."

ಮತ್ತೆ ಮೂಸಿದೆ. ಕಾದೆ.

"ಬಂತಮ್ಮ."

"ಹಾಕು ಬುಟ್ಟಿಗೆ," ಅಂದಳು ಅಮ್ಮ.